ಸಂಖ್ಯೆ ತುಂಬಿದರೆ ಸ್ಥಾನ ತುಂಬೀತೇ?



ಒಳ್ಳೆಯದನ್ನು ಮಾಡಬೇಕೆಂಬ ಮನಸ್ಸಿನಿಂದಲೇ ಕೈಗೊಂಡ ಕೆಲಸವೊಂದು ಕೇಡಿಗೆ ದಾರಿಯಾದರೆ ಆ ಕೇಡಿಗೆ ಹೊಣೆ ಯಾರು? ನಮ್ಮ ಉದ್ದೇಶ ಒಳ್ಳೆಯದೇ ಆಗಿತ್ತು ಎಂಬ ಮಾತು ನಮ್ಮನ್ನು ಆ ಹೊಣೆಯಿಂದ ಬಿಡಿಸಬಲ್ಲುದೇ? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಮನೆ, ನೆರೆಹೊರೆ, ಸಂಘಸಂಸ್ಥೆಗಳ ವ್ಯವಹಾರದಲ್ಲಿ ಕೇಳಿಕೊಳ್ಳುತ್ತೇವೆ. ಈ ಸಲ ಅದನ್ನು ನದಿಯ ಮೀನುಗಳ ನಿಮಿತ್ತ ಕೇಳಿಕೊಳ್ಳೋಣ.

ಮೀನಿನ ಮಾತು ಕರಾವಳಿಯವರಿಗೆ ಸರಿ, ಬಿಸಿಲನಾಡಿನ ನಮಗೇಕೆ ಎಂದು ನೀವು ಕೇಳಬಹುದು. ಆದರೆ ನಾವು ಎಡೆದೊರೆ ನಾಡಿನವರು, ಎರಡು ಮಹಾನದಿಗಳ ನಡುವೆ ಬದುಕುವವರು. ದೇವದುರ್ಗದವರಿಗೆ ಕೃಷ್ಣೆ ಹತ್ತಿರ, ಮಾನ್ವಿಯವರಿಗೆ ತುಂಗಭದ್ರೆ ಹತ್ತಿರ. ರಾಯಚೂರಿನಿಂದ ಗುಂತಕಲ್ಲಿಗೆ ಹೊರಟ ರೈಲು ಮಟಮಾರಿಯನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ತುಂಗಭದ್ರೆಯ ಸೇತುವೆಯನ್ನು ಏರುತ್ತದೆ. ನಮ್ಮ ಊರುಗಳಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ದೂರದ ಮಲೆನಾಡಿನ ಮಳೆಗೆ ಆ ನದಿ ತುಂಬಿ ಬರುವುದನ್ನು ನಾವು ಕಂಡಿದ್ದೇವೆ. ಮೀನುಗಳು ಮೊಟ್ಟೆಯಿಡುವುದು ಇಂಥ ಹೊಸನೀರಿನ ಕರೆಗೆ ಓಗೊಟ್ಟು. ನದಿಗಳು ಒಂದೊಂದೂ ಒಂದೊಂದು ಕಾಲಕ್ಕೆ, ಒಂದೊಂದು ಬಗೆಯಲ್ಲಿ ತುಂಬುತ್ತವೆ ಎಂದ ಮೇಲೆ ಅವುಗಳಲ್ಲಿ ಬದುಕುವ ಜೀವಗಳೂ ಒಂದೇ ಬಗೆಯಾಗಿರಲು ಸಾಧ್ಯವೇ? ಈ ವಿಷಯವನ್ನು ಬೇರೆಲ್ಲ ಮೀನುಗಳಿಗಿಂತ ಸ್ಪಷ್ಟವಾಗಿ ಹೇಳುವ ಮೀನು ನಮ್ಮ ದೇಶದ್ದಲ್ಲ. ಆದ್ದರಿಂದ ಮೊದಲು ಸ್ವಲ್ಪ ದೂರ ಹೋಗಿ, ಬಳಿಕ ನಮ್ಮ ಕಾವೇರಿಗೂ ಕೃಷ್ಣೆಗೂ ಬರೋಣ.

ಒಂದೇ ಜಾತಿ, ಹಲವು ಬಾಳು

ಸಾಲ್ಮನ್ ಉತ್ತರದ ತಂಪು ದೇಶಗಳ ಮೀನು. ನದಿಯ ಮೇಲ್ಭಾಗದ ಜಲ್ಲಿಕಲ್ಲುಗಳ ನಡುವೆ ಮೊಟ್ಟೆಯೊಡೆದು ಹುಟ್ಟುತ್ತದೆ. ಸಾಮಾನ್ಯವಾಗಿ ಕೆಲಕಾಲ ಸಿಹಿನೀರಿನಲ್ಲಿ ಬೆಳೆದು ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿ ಪುಷ್ಟವಾಗಿ, ಮೊಟ್ಟೆಯಿಡುವ ಕಾಲ ಬಂದಾಗ ಪ್ರವಾಹಕ್ಕೆ ಎದುರಾಗಿ ಈಜುತ್ತ ತಾನು ಹುಟ್ಟಿದ ಹೊಳೆಗೇ ಮರಳುತ್ತದೆ. ತನ್ನ ಹೊಳೆಯನ್ನು ಅದು ನೀರಿನ ವಾಸನೆಯಿಂದ ಗುರುತಿಸುತ್ತದೆಂಬುದನ್ನು ಅಮೆರಿಕದ ವಿಜ್ಞಾನಿ ಆರ್ಥರ್ ಹ್ಯಾಸ್ಲರ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಬಹುಪಾಲು ಮೀನುಗಳು ತಮ್ಮ ಹೊಳೆಗೇ ಮರಳಿ ತಮ್ಮವರೊಡನೆಯೇ ಸಂತತಿ ಬೆಳೆಸುವುದರಿಂದ, ಜಾತಿ ಒಂದೇ ಆದರೂ ಹೊಳೆಹೊಳೆಗೂ ಒಂದೊಂದು ಬೇರೆ ಕುಲ ರೂಪುಗೊಂಡಿದೆ.

ಈ ಕುಲಗಳ ಬಾಳಿನ ಕ್ರಮ ಎಷ್ಟು ಭಿನ್ನವೆಂಬುದನ್ನು ನೋಡಿ. ಅಟ್ಲಾಂಟಿಕ್ ಸಾಗರದ ಸಾಲ್ಮನ್ ಒಂದೇ ಜಾತಿ. ಸ್ಪೇನ್ ಮತ್ತು ಫ್ರಾನ್ಸಿನ ನದಿಗಳಲ್ಲಿ ಅದರ ಮರಿ ಒಂದೆರಡು ವರ್ಷಕ್ಕೇ ಸಮುದ್ರಕ್ಕೆ ಹೊರಡುತ್ತದೆ. ನಾರ್ವೆಯ ಉತ್ತರ ತುದಿಯ ನದಿಗಳಲ್ಲಿ ಬೇಸಿಗೆ ಚಿಕ್ಕದು, ನೀರು ಬಲು ತಣ್ಣಗೆ, ಬೆಳವಣಿಗೆ ನಿಧಾನ. ಅಲ್ಲಿಯ ಮರಿ ನಾಲ್ಕೈದು ವರ್ಷ ಹೊಳೆಯಲ್ಲೇ ಕಾಯುತ್ತದೆ. ಸಮುದ್ರ ಸೇರಿದ ಮೇಲೂ ಕೆಲವು ಒಂದೇ ಚಳಿಗಾಲ ಕಳೆದು ಚಿಕ್ಕ ಮೈಯಲ್ಲಿ ಹಿಂದಿರುಗುತ್ತವೆ. ಮತ್ತೆ ಕೆಲವು ಎರಡು ಮೂರು ವರ್ಷ ನಿಂತು ಭಾರಿಯಾಗಿ ಬೆಳೆದು ಬರುತ್ತವೆ. ಕೆಲವು ಗಂಡುಮೀನುಗಳು ಸಮುದ್ರವನ್ನು ಕಾಣದೆಯೇ, ಗೇಣುದ್ದ ಇರುವಾಗಲೇ ಪ್ರಾಯಕ್ಕೆ ಬಂದು ತಂದೆಯಾಗುತ್ತವೆ. ಶಾಂತಸಾಗರದ ಗುಲಾಬಿ ಸಾಲ್ಮನ್‌ನದು ಇನ್ನೂ ವಿಚಿತ್ರ. ಅದರ ಆಯುಸ್ಸು ಕಟ್ಟುನಿಟ್ಟಾಗಿ ಎರಡೇ ವರ್ಷ. ಆದ್ದರಿಂದ ಸಮಸಂಖ್ಯೆಯ ವರ್ಷದಲ್ಲಿ ಬರುವ ಬಳಗವೂ ಬೆಸಸಂಖ್ಯೆಯ ವರ್ಷದಲ್ಲಿ ಬರುವ ಬಳಗವೂ ಒಂದೇ ಹೊಳೆಯಲ್ಲಿ ಹುಟ್ಟಿಯೂ ಎಂದೂ ಒಂದನ್ನೊಂದು ಕೂಡುವುದಿಲ್ಲ.

ಅಲಾಸ್ಕದ ಬ್ರಿಸ್ಟಲ್ ಕೊಲ್ಲಿಗೆ ಸೇರುವ ನದಿ-ಸರೋವರಗಳಲ್ಲಿ ಸಾಕ್‌ಐ ಎಂಬ ಕೆಂಪು ಸಾಲ್ಮನ್‌ನ ನೂರಾರು ಕುಲಗಳಿವೆ. ಕಿರುತೊರೆಗಳಲ್ಲಿ ಮೊಟ್ಟೆಯಿಡುವ ಕುಲಗಳ ಮೈ ಸಪೂರ. ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ ಬೆನ್ನು ಎತ್ತರವಾದರೆ ಕರಡಿಗೆ ತುತ್ತಾಗುವುದು ಸುಲಭ. ಸರೋವರದ ದಡದ ಆಳ ನೀರಿನಲ್ಲಿ ಮೊಟ್ಟೆಯಿಡುವ ಕುಲಗಳ ಗಂಡುಗಳಿಗೆ ಎತ್ತರದ ಗೂನುಬೆನ್ನು. ಕೆಲವು ಕುಲ ಬೇಸಿಗೆಯ ನಡುವೆಯೇ ಮೊಟ್ಟೆಯಿಟ್ಟರೆ ಕೆಲವು ಶರತ್ಕಾಲದವರೆಗೂ ಕಾಯುತ್ತವೆ.

ಇವುಗಳಲ್ಲಿ ಯಾವ ಮೀನು ಮುಂದಿದೆ, ಯಾವುದು ಹಿಂದುಳಿದಿದೆ? ಈ ಪ್ರಶ್ನೆಗೆ ಅರ್ಥವೇ ಇಲ್ಲ. ನಾರ್ವೆಯ ಮರಿ ಸೋಮಾರಿಯಾಗಿ ಐದು ವರ್ಷ ಕುಳಿತಿಲ್ಲ. ಆ ನೀರಿನಲ್ಲಿ ಬಾಳಬೇಕಾದ ರೀತಿಯೇ ಅದು. ಒಂದೊಂದು ಹೊಳೆಯೂ ತನ್ನ ಚಳಿ, ತನ್ನ ಆಳ, ತನ್ನ ಶತ್ರುಗಳ ಮೂಲಕ ಒಂದು ಪ್ರಶ್ನೆಯನ್ನು ಮುಂದಿಟ್ಟಿದೆ. ಅಲ್ಲಿಯ ಕುಲವು ನೂರಾರು ತಲೆಮಾರುಗಳ ಸಾವುನೋವಿನ ಬಳಿಕ ಅದಕ್ಕೆ ಒಂದು ಉತ್ತರವನ್ನು ಕಂಡುಕೊಂಡಿದೆ.

ಅಕ್ಕಡಿಯ ವಿವೇಕ

ಈ ಭಿನ್ನತೆಯಿಂದ ಲಾಭವೇನು? ಅಮೆರಿಕದ ಡೇನಿಯಲ್ ಷಿಂಡ್ಲರ್ ಮತ್ತು ಸಂಗಡಿಗರು ಬ್ರಿಸ್ಟಲ್ ಕೊಲ್ಲಿಯ ಸುಮಾರು ಐದು ದಶಕಗಳ ಲೆಕ್ಕವನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಅಲ್ಲಿ ನೂರಾರು ಕುಲಗಳ ಬದಲು ಒಂದೇ ಬಗೆಯ ಮೀನು ಇದ್ದಿದ್ದರೆ ವರ್ಷದಿಂದ ವರ್ಷಕ್ಕೆ ಮೀನಿನ ಏರಿಳಿತ ಈಗಿನದಕ್ಕಿಂತ ಇಮ್ಮಡಿಗೂ ಹೆಚ್ಚಾಗುತ್ತಿತ್ತು. ಮೀನುಗಾರಿಕೆಯನ್ನು ನಿಲ್ಲಿಸಬೇಕಾದ ವರ್ಷಗಳು ಹತ್ತುಪಟ್ಟು ಹೆಚ್ಚಾಗುತ್ತಿದ್ದವು ಎಂಬುದು ಅವರ ನಿರ್ಣಯ. ಒಂದು ಕುಲಕ್ಕೆ ಕೆಟ್ಟದಾದ ವರ್ಷ ಇನ್ನೊಂದಕ್ಕೆ ಒಳ್ಳೆಯದಾಗಿರುತ್ತದೆ. ಆದ್ದರಿಂದ ಒಟ್ಟು ಬಳಗ ಉಳಿದುಕೊಳ್ಳುತ್ತದೆ.

ಈ ತತ್ತ್ವವನ್ನು ತಿಳಿಯಲು ನಮ್ಮ ರೈತರಿಗೆ ಅಲಾಸ್ಕಕ್ಕೆ ಹೋಗಬೇಕಾದ ಅಗತ್ಯವಿಲ್ಲ. ಮಳೆ ಕೈಕೊಡುವ ನಾಡಿನಲ್ಲಿ ನಮ್ಮ ಹಿರಿಯರು ಅಕ್ಕಡಿ ಸಾಲು ಹಾಕಿದ್ದು ಇದೇ ಕಾರಣಕ್ಕೆ. ಮುಂಗಾರಿ ಜೋಳ ಹೋದರೂ ಎರೆಹೊಲದ ಹಿಂಗಾರಿ ಜೋಳ ಮನೆಯನ್ನು ಕಾಯುತ್ತಿತ್ತು. ಹಿಂಗಾರಿ ಜೋಳವನ್ನು ತಡವಾಗಿ ಬಿತ್ತಿದ್ದೆಂದು ಯಾರೂ ಹೀಗಳೆಯಲಿಲ್ಲ. ಅದರ ಕಾಲವೇ ಅದು ಎಂದು ಎಲ್ಲರಿಗೂ ತಿಳಿದಿತ್ತು.

ಆದರೆ ನೀರಿನ ಮೇಲೆ ನಿಂತು ನೋಡುವ ಕಣ್ಣಿಗೆ ಈ ವಿವೇಕ ಒದಗಲಿಲ್ಲ. 1872ರಲ್ಲಿ ಲಿವಿಂಗ್‌ಸ್ಟನ್ ಸ್ಟೋನ್ ಎಂಬುವರು ಕ್ಯಾಲಿಫೋರ್ನಿಯಾದ ಮೆಕ್‌ಕ್ಲೌಡ್ ನದಿಯ ದಂಡೆಯಲ್ಲಿ ಸಾಲ್ಮನ್ ಮೊಟ್ಟೆಗಳನ್ನು ಸಂಗ್ರಹಿಸುವ ಕೇಂದ್ರವನ್ನು ತೆರೆದರು. ಅಲ್ಲಿಂದ ಮುಂದೆ ಒಂದು ನದಿಯ ಮೊಟ್ಟೆಗಳನ್ನು ಇನ್ನೊಂದು ನದಿಗೆ, ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಸಾಗಿಸುವುದು ದೊಡ್ಡ ಉದ್ಯೋಗವಾಯಿತು. ಸಾಲ್ಮನ್ ಎಂದರೆ ಸಾಲ್ಮನ್. ಎಲ್ಲಿಯದಾದರೇನು, ಬಿಟ್ಟರೆ ಬೆಳೆಯುತ್ತದೆ ಎಂಬುದು ಆ ಕಾಲದ ನಂಬಿಕೆ. ಹೊಸ ನೀರಿಗೆ ಬಿದ್ದ ಆ ಮರಿಗಳಲ್ಲಿ ಹೆಚ್ಚಿನವು ನೆಲೆ ನಿಲ್ಲಲಿಲ್ಲ.

ಕೃಷ್ಣೆಯ ಮೀನು ಕಾವೇರಿಯಲ್ಲಿ

ಈಗ ನಮ್ಮ ನಾಡಿಗೆ ಬರೋಣ. ಭಾರತಕ್ಕೆ ಬಂದ ಬ್ರಿಟಿಷರು ತಮ್ಮ ಊರಿನ ಸಾಲ್ಮನ್‌ಗೆ ಸಾಟಿಯೆಂದು ಕಂಡದ್ದು ಮಹಶೀರ್ ಮೀನನ್ನು. ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲುಗಳ ಬಳಿ ಗುಂಪುಗುಂಪಾಗಿ ಬರುವ ದೊಡ್ಡ ಹುರುಪೆಯ ಮೀನುಗಳನ್ನು ನೋಡಿರುತ್ತೀರಿ. ಮಹಶೀರ್ ಆ ಬಳಗದ್ದು. ಅದು ಸಮುದ್ರಕ್ಕೆ ಹೋಗುವುದಿಲ್ಲ. ಆದರೆ ಮಳೆಗಾಲದಲ್ಲಿ ಪ್ರವಾಹಕ್ಕೆ ಎದುರಾಗಿ ನದಿಯ ಮೇಲ್ಭಾಗಕ್ಕೆ ಏರಿ ಮೊಟ್ಟೆಯಿಡುತ್ತದೆ.

ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇದ್ದ ಮಹಶೀರ್ ಒಂದುಂಟು. ಅದರ ಬೆನ್ನ ಮೇಲೆ ಗೂನು, ಈಜುರೆಕ್ಕೆಗೆ ಕಿತ್ತಳೆಯ ಬಣ್ಣ. 1873ರಲ್ಲಿ ಪ್ರಕಟವಾದ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿಯ ಪುಸ್ತಕದ ಕಾಲದಿಂದಲೂ ಗಾಳ ಹಾಕುವವರಲ್ಲಿ ಕಾವೇರಿಯ ಮಹಶೀರ್‌ಗೆ ದೊಡ್ಡ ಹೆಸರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಇಷ್ಟು ಪ್ರಸಿದ್ಧವಾದ ಮೀನಿಗೆ ವಿಜ್ಞಾನದಲ್ಲಿ ತನ್ನದೇ ಆದ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳಿಗೆ 2007ರಲ್ಲಿ ವಿಜ್ಞಾನಿಗಳು ಟಾರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು. ಕಾವೇರಿಯ ಗೂನುಬೆನ್ನಿನ ಮಹಾಮೀನು ಅದೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಹೆಸರು ಸಿಕ್ಕಿದಾಗ ಮೀನು ಹೋಗುವ ಹಾದಿಯಲ್ಲಿತ್ತು.

ಹೇಗೆ ಈ ಸ್ಥಿತಿ ಬಂತು? ಅಣೆಕಟ್ಟುಗಳು, ಸಿಡಿಮದ್ದು ಹಾಕಿ ಮೀನು ಕೊಲ್ಲುವ ಕ್ರೌರ್ಯ, ನದಿಯ ಮರಳನ್ನು ಬಗೆಯುವ ಆಸೆ ಇವೆಲ್ಲ ಕಾರಣಗಳೇ. ಆದರೆ ಸಂಶೋಧಕರು ಬೊಟ್ಟುಮಾಡುವ ಇನ್ನೊಂದು ಕಾರಣ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಮಹಶೀರ್ ಮೀನುಗಳು ಎಲ್ಲೆಡೆ ಕಡಿಮೆಯಾಗುತ್ತಿವೆಯೆಂಬ ಕಳವಳದಿಂದ 1970ರ ದಶಕದಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರ ನೀಲಿ ರೆಕ್ಕೆಯ ಮಹಶೀರನ್ನು ಕೃತಕವಾಗಿ ಸಂತಾನಾಭಿವೃದ್ಧಿ ಮಾಡಿಸಲು ಆರಂಭಿಸಿತು. ಅಲ್ಲಿಯ ಮರಿಗಳು ಅನೇಕ ರಾಜ್ಯಗಳ ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಒಂದು ಜೀವವನ್ನು ಉಳಿಸಬೇಕೆಂಬ ಆ ಪ್ರಯತ್ನ ಶ್ಲಾಘನೀಯವೇ. ನೀಲಿ ರೆಕ್ಕೆಯ ಮಹಶೀರ್ ಇಂದು ಅಳಿವಿನ ಭಯದ ಪಟ್ಟಿಯಿಂದ ಹೊರಗಿದೆ.

ಕಾವೇರಿಯಲ್ಲಿ ನಡೆದದ್ದೇ ಬೇರೆ. ಗಾಳದಲ್ಲಿ ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುತ್ತಿದ್ದ ಶಿಬಿರಗಳಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕಗಳನ್ನು ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಹೊಸದಾಗಿ ಬಂದ ಮೀನಿನ ಸಂಖ್ಯೆ ಏರುತ್ತ ಹೋಗಿತ್ತು. ಗೂನುಬೆನ್ನಿನ ಮೀನಿನ ಸಂಖ್ಯೆ ಇಳಿಯುತ್ತ, ಸಿಕ್ಕ ಒಂದೊಂದರ ತೂಕ ಮಾತ್ರ ಹೆಚ್ಚುತ್ತ ಹೋಗಿತ್ತು. ಇದರ ಅರ್ಥವೇನು? ಮುದಿಮೀನುಗಳು ಉಳಿದಿದ್ದವು, ಮರಿಗಳು ಬರುತ್ತಿರಲಿಲ್ಲ. ಮಕ್ಕಳಿಲ್ಲದೆ ಮುದುಕರೇ ಉಳಿದ ಊರಿನಂತೆ ಆ ಕುಲ ಕ್ಷೀಣಿಸುತ್ತಿತ್ತು. ದಡದಲ್ಲಿ ನಿಂತವರಿಗೆ ಇದು ಕಾಣುವಂತಿರಲಿಲ್ಲ. ನದಿಯಲ್ಲಿ ಮಹಶೀರ್ ಹೇರಳವಾಗಿತ್ತಲ್ಲ! ಹೆಸರು ಒಂದೇ ಆದ್ದರಿಂದ ಸಂಖ್ಯೆ ತುಂಬಿತ್ತು; ಸ್ಥಾನ ಬರಿದಾಗುತ್ತಿತ್ತು.

ಆ ನೀಲಿ ರೆಕ್ಕೆಯ ಮೀನು ಯಾವ ನದಿಯದು ಎಂಬುದನ್ನು ನೀವು ತಿಳಿಯಬೇಕು. ಸೈಕ್ಸ್ ಎಂಬ ವಿದ್ವಾಂಸ 1839ರಲ್ಲಿ ಅದನ್ನು ಮೊದಲು ವರ್ಣಿಸಿದ್ದು ಪುಣೆಯ ಮುಳಾ-ಮುಠಾ ನದಿಯಿಂದ. ಆ ನೀರು ಭೀಮೆಗೆ ಸೇರುತ್ತದೆ. ಭೀಮೆ ನಮ್ಮ ರಾಯಚೂರಿನ ಸಮೀಪದಲ್ಲಿ ಕೃಷ್ಣೆಗೆ ಸೇರುತ್ತಾಳೆ. ಎಂದರೆ ಅದು ನಮ್ಮ ಕೃಷ್ಣೆಯ ಕೊಳ್ಳದ್ದೇ ಮೀನು. ತನ್ನ ನೀರಿನಲ್ಲಿ ಅದು ಯಾರಿಗೂ ಕೇಡು ಮಾಡಿದ್ದಲ್ಲ. ಸ್ವಂತ ಮನೆಯಲ್ಲಿ ಸಾಧುವಾದದ್ದು ಇನ್ನೊಬ್ಬರ ಮನೆಯಲ್ಲಿ ಕಂಟಕವಾಯಿತು. ದೋಷ ಮೀನಿನದಲ್ಲ, ಎರಡು ಮನೆಗಳ ವ್ಯತ್ಯಾಸವನ್ನು ಕಾಣದ ಕಣ್ಣಿನದು.

ಉದ್ದೇಶ ಮತ್ತು ಹೊಣೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಾವೇರಿಗೆ ಮರಿ ಬಿಟ್ಟವರನ್ನು ಸಿಡಿಮದ್ದು ಹಾಕಿದವರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಅವರು ಕೊಲ್ಲಲು ಬಂದವರಲ್ಲ. ಆದರೆ ತಪ್ಪಿತಸ್ಥರಾಗುವುದು ಬೇರೆ, ಹೊಣೆಗಾರರಾಗುವುದು ಬೇರೆ. ರೋಗಿಯನ್ನು ವಿಚಾರಿಸದೆ ಔಷಧ ಕೊಟ್ಟ ವೈದ್ಯನ ಮನಸ್ಸು ಎಷ್ಟೇ ಒಳ್ಳೆಯದಿರಲಿ, ವಿಚಾರಿಸುವುದು ಅವನ ಕರ್ತವ್ಯವಾಗಿತ್ತು. ಯಾರ ಕೈಯಲ್ಲಿ ಹೆಚ್ಚು ಮಾಡುವ ಶಕ್ತಿಯಿದೆಯೋ ಅವರ ಮೇಲೆ ಹೆಚ್ಚು ಕೇಳುವ ಹೊಣೆಯೂ ಇದೆ. ಆಗ ವಿಜ್ಞಾನಕ್ಕೇ ತಿಳಿದಿರಲಿಲ್ಲವಲ್ಲ ಎನ್ನಬಹುದು. ನಿಜ, ಗೂನುಬೆನ್ನಿನ ಮೀನಿಗೆ ಗ್ರಂಥಗಳಲ್ಲಿ ಸ್ಥಿರವಾದ ಹೆಸರಿರಲಿಲ್ಲ. ಆದರೆ ಗಾಳ ಹಿಡಿದವರ ಕಣ್ಣಿನಲ್ಲಿ ಅದರ ಗುರುತಿತ್ತು. ಹೆಸರಿಲ್ಲದ್ದು ಇಲ್ಲವೆಂದು ತಿಳಿಯುವುದೇ ಓದಿದವರ ದೊಡ್ಡ ದೌರ್ಬಲ್ಯ. ಸದುದ್ದೇಶವು ನಮ್ಮನ್ನು ದ್ವೇಷದ ದೋಷದಿಂದ ಬಿಡಿಸುತ್ತದೆ, ಅವಸರದ ದೋಷದಿಂದ ಬಿಡಿಸುವುದಿಲ್ಲ.

ಇಲ್ಲಿ ಮೂರು ಆಕ್ಷೇಪಗಳು ಏಳಬಹುದು. ಮೂರೂ ಉತ್ತರಕ್ಕೆ ಅರ್ಹವಾದವು.

ಮೊದಲನೆಯದು ಬಡವರ ಪರವಾದದ್ದು. ಹಸಿದವನಿಗೆ ಮೀನು ಬೇಕು, ಗೂನಿದ್ದರೇನು, ಇಲ್ಲದಿದ್ದರೇನು? ಈ ಮಾತನ್ನು ಹಗುರವಾಗಿ ಕಾಣಬಾರದು. 1957ರ ಜುಲೈ 10ರಂದು ಹೀರಾಲಾಲ್ ಚೌಧರಿಯವರು ಒಡಿಶಾದಲ್ಲಿ ಗೆಂಡೆಮೀನುಗಳಿಗೆ ಚುಚ್ಚುಮದ್ದಿನ ಮೂಲಕ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದುದರಿಂದಲೇ ಗಂಗೆಯ ಕಾಟ್ಲಾ, ರೋಹು ಮೀನುಗಳು ಇಂದು ದೇಶದ ಕೆರೆಕೆರೆಗಳಲ್ಲಿ ಬೆಳೆದು ಕೋಟ್ಯಂತರ ಜನರ ತಟ್ಟೆಗೆ ಬರುತ್ತಿವೆ. ಆ ಉಪಕಾರ ದೊಡ್ಡದು. ಆದರೆ ಕೆರೆ ನಮ್ಮ ಹೊಲದಂತೆ. ಅಲ್ಲಿ ಬಿತ್ತಿದ್ದನ್ನು ನಾವೇ ಕೊಯ್ಯುತ್ತೇವೆ. ನದಿಗೆ ಬಿಟ್ಟದ್ದನ್ನು ಮರಳಿ ಹಿಡಿದು ತರಲಾಗದು. ಬಡವನ ತಟ್ಟೆಯನ್ನು ತುಂಬಲು ಕೆರೆ, ಹೊಂಡಗಳಿರುವಾಗ ನದಿಯ ಮೂಲಕುಲವನ್ನು ಬಲಿಕೊಡಬೇಕಾಗಿಲ್ಲ. ಮೇಲಾಗಿ, ಬ್ರಿಸ್ಟಲ್ ಕೊಲ್ಲಿಯ ಲೆಕ್ಕ ಹೇಳುವಂತೆ, ಮೀನನ್ನೇ ನಂಬಿದ ಮನೆಗೆ ವೈವಿಧ್ಯವೇ ಬರಗಾಲದ ಬುತ್ತಿ.

ಎರಡನೆಯದು ಇನ್ನೂ ಸೂಕ್ಷ್ಮ. ಭಿನ್ನತೆ ಹೋದರೆ ಕಾಲಾಂತರದಲ್ಲಿ ಮತ್ತೆ ಹುಟ್ಟುವುದಿಲ್ಲವೇ? ನ್ಯೂಜಿಲೆಂಡಿಗೆ 1900ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಿಂದ ತಂದ ಚಿನೂಕ್ ಸಾಲ್ಮನ್ ಅಲ್ಲಿಯ ಬೇರೆ ಬೇರೆ ನದಿಗಳಲ್ಲಿ ನೆಲೆಸಿ, ಸುಮಾರು 30 ತಲೆಮಾರುಗಳೊಳಗೇ ನದಿನದಿಗೂ ತುಸು ಬೇರೆಯಾಯಿತು. ಸೃಷ್ಟಿಯ ಈ ಕಸುವು ನಮಗೆ ಭರವಸೆ ಕೊಡಬೇಕು. ಆದರೆ ಅಲ್ಲಿ ಹುಟ್ಟಿದ್ದು ಹೊಸ ಉತ್ತರ. ಕಳೆದುಹೋದ ಹಳೆಯ ಉತ್ತರ ಮರಳಿ ಬಂದದ್ದಲ್ಲ. ಅಮೆರಿಕದ ಕ್ಲಾಮತ್ ನದಿಯಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಮೀನಿನ ಹಾದಿಗೆ ಅಡ್ಡ ನಿಂತಿದ್ದ ಅಣೆಕಟ್ಟುಗಳನ್ನು 2024ರಲ್ಲಿ ಪೂರ್ತಿಯಾಗಿ ತೆಗೆದಾಗ ಕೆಲವೇ ವಾರಗಳಲ್ಲಿ ಸಾಲ್ಮನ್ ಮೇಲಿನ ನೀರಿಗೆ ಏರಿಬಂದವು. ಏಕೆ ಬಂದವು? ಅಣೆಕಟ್ಟಿನ ಕೆಳಗೆ ಆ ನದಿಯ ಮೀನು ಇನ್ನೂ ಉಳಿದಿತ್ತು. ಹಾದಿಯನ್ನು ನಾವು ಎಂದಾದರೂ ತೆರೆಯಬಹುದು. ಅದರಲ್ಲಿ ನಡೆಯುವವರು ಉಳಿದಿರಬೇಕು. ಕಾವೇರಿಯ ಮಹಶೀರ್ ಇಂದು ಮೋಯಾರ್ ಸೇರಿದಂತೆ ಕೆಲವೇ ಕೆಲವು ಕಡೆ ಉಳಿದಿದೆ. ಆ ಉಳಿಕೆಯನ್ನು ಕಾಯುವುದೇ ನಾವು ಕೊಡಬಹುದಾದ ಪ್ರಾಯಶ್ಚಿತ್ತ.

ಮೂರನೆಯದು ನೇರವಾದ ಪ್ರಶ್ನೆ: ಉಪಯೋಗವೇ ಇಲ್ಲದಿದ್ದರೂ ಒಂದು ಕುಲಕ್ಕೆ ಬೆಲೆಯುಂಟೇ? ನನ್ನ ಉತ್ತರ, ಉಂಟು ಎಂದು. ನಾವು ಮಾಡದಿದ್ದದ್ದು, ಕೆಟ್ಟರೆ ನಾವು ಮತ್ತೆ ಮಾಡಲಾಗದ್ದು ನಮ್ಮಿಂದ ಕೇಳುವುದು ಲಾಭನಷ್ಟದ ಲೆಕ್ಕವನ್ನಲ್ಲ, ಸಂಯಮವನ್ನು. ಒಡೆದ ಗಡಿಗೆಗೆ ಬದಲಾಗಿ ಇನ್ನೊಂದು ಗಡಿಗೆ ತರಬಹುದು. ತೀರಿಹೋದ ಅಜ್ಜಿಯ ಬದಲು ಇನ್ನೊಬ್ಬ ಅಜ್ಜಿಯನ್ನು ತಂದು ಕೂರಿಸಿ, ಮನೆಯ ತಲೆಗಳ ಲೆಕ್ಕ ಸರಿಯಾಯಿತು ಎನ್ನುವವರುಂಟೇ? ಬದಲಿ ಇಲ್ಲದ್ದನ್ನು ಬದಲಿ ಉಳ್ಳದ್ದರಂತೆ ಕಾಣುವುದೇ ಇಲ್ಲಿಯ ಮೂಲ ದೋಷ.

ನಮ್ಮ ನೀರು, ನಮ್ಮ ಮನೆ

ಮೀನು ನಮಗೆ ನೀತಿ ಬೋಧಿಸುವುದಿಲ್ಲ. ಅದರ ಬಾಳು ಅದರದು, ನಮ್ಮದು ನಮ್ಮದು. ಆದರೆ ಮೀನನ್ನು ನೋಡಿದ ನಮ್ಮ ಕಣ್ಣು ಎಂಥದು ಎಂಬುದನ್ನು ಅದು ತೋರಿಸಿಕೊಡುತ್ತದೆ. ಆ ಕಣ್ಣನ್ನೇ ನಾವು ಮನೆಗೂ ತರುತ್ತೇವೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಹದಿನಾರಕ್ಕೆ ದಾರಿ ಹಿಡಿಯುತ್ತಾನೆ, ಇನ್ನೊಬ್ಬಳು ಇಪ್ಪತ್ತೈದಕ್ಕೆ ತನ್ನ ದಾರಿಯನ್ನು ಕಾಣುತ್ತಾಳೆ. ನಿನ್ನ ವಯಸ್ಸಿಗೆ ನಿನ್ನ ಅಣ್ಣ ಏನೇನು ಮಾಡಿದ್ದ ಎಂಬ ಮಾತು ಎಷ್ಟು ಮನೆಗಳಲ್ಲಿ ಊಟದ ಹೊತ್ತಿಗೆ ಕೇಳಿಬರುವುದಿಲ್ಲ! ಹಿಂಗಾರಿ ಜೋಳಕ್ಕೆ ತೋರಿದ ತಾಳ್ಮೆಯನ್ನು ಮಕ್ಕಳಿಗೆ ತೋರುವುದು ನಮಗೆ ಕಷ್ಟವಾಗುತ್ತದೆ. ತಡವೆಂದು ತೋರುವುದೆಲ್ಲ ಸೋಮಾರಿತನವಲ್ಲ; ಸೋಮಾರಿತನವೂ ಉಂಟು, ಅದನ್ನು ತಿದ್ದಲೂಬೇಕು. ಎರಡರ ಭೇದವನ್ನು ತಿಳಿಯಬೇಕಾದರೆ ಹತ್ತಿರ ಕುಳಿತು ವಿಚಾರಿಸಬೇಕು. ನೋಡದೆ ಅಳೆಯುವ ಪ್ರೀತಿಯೂ ಕಾವೇರಿಗೆ ಬಂದ ಆ ಉಪಕಾರದಂತೆಯೇ.

ಇನ್ನು ನಮ್ಮ ನದಿಗಳ ವಿಷಯ. ಕೆರೆಗೂ ನದಿಗೂ ಮೀನುಮರಿ ಬಿಡುವ ಕಾರ್ಯಕ್ರಮಗಳು ನಮ್ಮ ಕಡೆ ಹೊಸತಲ್ಲ. ಮುಂದೆ ಇಂಥದೊಂದು ಕಾರ್ಯಕ್ರಮ ಕೃಷ್ಣೆಯ ದಡದಲ್ಲೋ ತುಂಗಭದ್ರೆಯ ದಡದಲ್ಲೋ ನಡೆದರೆ, ದಯವಿಟ್ಟು ಒಂದೇ ಒಂದು ಪ್ರಶ್ನೆಯನ್ನು ವಿನಯದಿಂದ ಕೇಳಿ: ಈ ಮರಿ ಯಾವ ನದಿಯದು? ಮನೆಯ ಗಾಜಿನ ತೊಟ್ಟಿಯ ಮೀನು ಬೇಸರವಾಯಿತೆಂದು ಮಕ್ಕಳು ಅದನ್ನು ಹೊಳೆಗೆ ಬಿಡಲು ಹೊರಟರೆ, ಅವರ ಕರುಣೆಯನ್ನು ಮೆಚ್ಚಿ ಕೈಯನ್ನು ತಡೆಯಿರಿ. ಏಕೆ ಎಂಬುದನ್ನೂ ತಿಳಿಸಿ. ನದಿಯನ್ನೇ ನಂಬಿ ಹರಿಗೋಲು ಹಾಕುವ ಹಿರಿಯರು ನಿಮ್ಮ ಊರಿನಲ್ಲಿದ್ದರೆ, ಮೊದಲು ಯಾವ ಯಾವ ಮೀನು ಸಿಗುತ್ತಿತ್ತು, ಯಾವ ಮಳೆಗೆ ಯಾವುದು ಮೇಲೇರುತ್ತಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಗ್ರಂಥಗಳಲ್ಲಿ ಹೆಸರಿಲ್ಲದ ಎಷ್ಟೋ ಗುರುತುಗಳು ಇಂದಿಗೂ ಅವರಲ್ಲಿ ಉಳಿದಿವೆ.

ಒಳ್ಳೆಯದನ್ನು ಮಾಡುವುದನ್ನು ನಿಲ್ಲಿಸಬೇಕೆಂದು ಇದರ ತಾತ್ಪರ್ಯವಲ್ಲ. ಕೈ ಚಾಚುವ ಮೊದಲು ಒಂದು ಕ್ಷಣ ನಿಂತು, ಯಾರಿಗೆ ಒಳ್ಳೆಯದು, ಯಾರ ಸ್ಥಾನದಲ್ಲಿ ಎಂದು ವಿಚಾರಿಸೋಣ. ಆ ಕ್ಷಣವನ್ನು ಕೊಡಲಾರದಷ್ಟು ಅವಸರದ ಉಪಕಾರ ಯಾವುದಿದೆ?